ಗೆರೆ ದಾಟಿದ ಕೆಂಪು

ಬಾಗಿಲು ತೆಗೆದ ಅತ್ತಿಗೆ ಅವಳಿಗೆ ಕಣ್ಣಲ್ಲೇ ಒಳಕೋಣೆಯ ಕಡೆ ತೋರಿಸಿದಳು.

ಅಣ್ಣ ಮಂಚದ ಅಂಚಿನಲ್ಲಿ ಕೂತಿದ್ದ. ಬಂದರಿನಲ್ಲಿ ಕ್ರೇನ್ ನಡೆಸುವವನು. ಹಡಗಿನಿಂದ ಕಬ್ಬಿಣದ ಪೆಟ್ಟಿಗೆಗಳನ್ನು ಹೂವಿನ ಹಾಗೆ ಎತ್ತಿ ಇಳಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮೈಯೂ ಭಾರಿ. ಚಿಕ್ಕಂದಿನಿಂದ ಮನೆಮಂದಿಗೆಲ್ಲ ಅವನು ಗುಡಾಣ. ತಂಗಿಯನ್ನು ಅವನು ಸೂಜಿ ಅನ್ನುತ್ತಿದ್ದ. ತೆಳ್ಳಗಿದ್ದಾಳೆ ಅಂತಲ್ಲ, ಚುಚ್ಚುತ್ತಾಳೆ ಅಂತ.

"ಬಂದ್ಲಪ್ಪಾ ಸೂಜಿ," ಅಂದ. ನಗಲು ಹೋದರೆ ಹಲ್ಲು ಕಟಕಟ ಅಂದವು. ಸುಡು ಮಧ್ಯಾಹ್ನದಲ್ಲಿ ಕಂಬಳಿ ಹೊದ್ದಿದ್ದ.

"ಕಾಲು ತೋರ್ಸು."

"ಏನಿಲ್ಲ ಕಣೇ. ಕ್ರೇನ್ ಏಣಿ ತರಚಿದ್ದು. ಇಷ್ಟು ದೊಡ್ಡ ಮೈಗೆ ಅಷ್ಟೇ ಅಷ್ಟು ಗಾಯ ಏನ್ ಮಾಡುತ್ತೆ?"

ಅವಳು ಕಂಬಳಿ ಎಳೆದಳು. ಮೀನಖಂಡ ಬಿಗಿದು ಹೊಳೆಯುತ್ತಿತ್ತು. ಕೆಂಪು ಮೊಣಕಾಲಿನತ್ತ ಹತ್ತುತ್ತಿತ್ತು. ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೊಬ್ಬಿನ ಚೂರುಗಳನ್ನು ಸೂಕ್ಷ್ಮದರ್ಶಕದಡಿ ನೋಡುವುದೇ ಅವಳ ಕೆಲಸ. ಚೀಲದಿಂದ ಗಾಜಿನ ಮೇಲೆ ಬರೆಯುವ ಪೆನ್ನು ತೆಗೆದು ಕೆಂಪಿನ ಅಂಚಿಗೆ ಸರಿಯಾಗಿ ಗೆರೆ ಎಳೆದಳು.

"ಆಸ್ಪತ್ರೆಗೆ ನಡಿ."

"ಬರಲ್ಲ. ಹೋದ ಸಲ ಕಿವಿನೋವು ಅಂತ ಹೋದೆ. ಆ ಡಾಕ್ಟ್ರು ಕಿವಿ ನೋಡ್ಲೇ ಇಲ್ಲ, ತೂಕದ ಯಂತ್ರ ತೋರ್ಸಿದ್ರು. ಕಿವಿಗೂ ಬೊಜ್ಜು ಬರುತ್ತಾ?"

ಅತ್ತಿಗೆ ಗೋಡೆಗೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಬೈದರೆ ಇವನು ಜಪ್ಪಯ್ಯ ಅಂದರೂ ಏಳುವುದಿಲ್ಲ ಅಂತ ತಂಗಿಗೆ ಗೊತ್ತಿತ್ತು. ನೆಲದ ಮೇಲೆ ಕೂತಳು.

"ಅಣ್ಣ, ಕೇಳು. ಕೊಬ್ಬಿನ ಕೋಶಗಳು ಅತಿಯಾಗಿ ಉಬ್ಬಿದ್ರೆ ಅವಕ್ಕೆ ಗಾಳಿ ಸಾಲಲ್ಲ, ಕೆಲವು ಸಾಯ್ತವೆ. ಸತ್ತದ್ದನ್ನ ತೆಗೆಯೋಕೆ ಮೈಯ ಕಾವಲು ಕೋಶಗಳು ಬಂದು ಸುತ್ತ ಮುತ್ಕೊಳ್ತವೆ. ಬಂದವು ಸುಮ್ನಿರಲ್ಲ, ಬೆಂಕಿ ಬಿತ್ತು ಅಂತ ಕೂಗಿ ಇನ್ನಷ್ಟು ಜನ ಕರೀತವೆ. ವರ್ಷಗಟ್ಟಲೆ ಅದೇ ಗಲಾಟೆ. ನಿಜವಾಗ್ಲೂ ಬೆಂಕಿ ಬಿದ್ದಾಗ, ಅಂದ್ರೆ ಗಾಯಕ್ಕೆ ಸೋಂಕು ತಗುಲಿದಾಗ, ಅವಕ್ಕೆ ಸರಿಯಾಗಿ ಕೆಲಸ ಮಾಡೋ ತ್ರಾಣ ಇರಲ್ಲ. ಸಣ್ಣ ಗಾಯ ಅಂತ ಕೂರೋ ಹಾಗಿಲ್ಲ."

ಅಣ್ಣ ಕಾಲನ್ನೇ ನೋಡುತ್ತಿದ್ದ. ಅವಳೂ ನೋಡಿದಳು. ಮಾತು ಮುಗಿಯುವಷ್ಟರಲ್ಲಿ ಗೆರೆಯನ್ನು ಕೆಂಪು ದಾಟಿತ್ತು.

"ಅತ್ತಿಗೆ, ಗಾಡಿ ಕರೀರಿ. ಈಗ್ಲೇ!"

ತುರ್ತು ವಿಭಾಗದ ಡಾಕ್ಟರದ್ದು ನಿದ್ದೆಗೆಟ್ಟ ಮುಖ. ಅಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮೊದ್ಲು ತೂಕ ಇಳಿಸ್ಬೇಕು. ಮಾತ್ರೆ ಬರ್ಕೊಡ್ತೀನಿ, ಮನೇಲಿ ಕಾಲು ಎತ್ತರಕ್ಕಿಟ್ಟು ಮಲಗ್ಲಿ," ಅಂದರು.

ಅಣ್ಣ ತಂಗಿಯ ಕಡೆ ನೋಡಿದ. ನಾನು ಹೇಳಲಿಲ್ವಾ ಅನ್ನುವ ನೋಟ. ಎದ್ದೇಬಿಡುತ್ತಿದ್ದ, ಅವಳು ಅವನ ಭುಜ ಒತ್ತಿ ಹಿಡಿದಳು.

"ಸರ್, ಈ ಗೆರೆ ಮನೇಲಿ ಎಳೆದದ್ದು. ಕೆಂಪು ಆಗ್ಲೇ ಎಲ್ಲಿಗೆ ಬಂದಿದೆ ನೋಡಿ. ಒಳಗೊಳಗೇ ಹರಡ್ತಿರಬಹುದು, ಕೆಂಪಿಲ್ಲದ ಕಡೆ ಮುಟ್ಟಿ. ದಯವಿಟ್ಟು ಮುಟ್ಟಿ ನೋಡಿ."

ಡಾಕ್ಟರು ಬೆರಳಿಟ್ಟರು. ಅಣ್ಣ ಕೋಣೆ ನಡುಗುವ ಹಾಗೆ ಕಿರುಚಿದ. ಡಾಕ್ಟರ ಮುಖದ ನಿದ್ದೆ ಹಾರಿಹೋಯಿತು. ರಕ್ತದೊತ್ತಡ ಕುಸಿದದ್ದನ್ನು ನೋಡಿದವರೇ ಸರ್ಜನ್‌ಗೆ ಫೋನ್ ಮಾಡಿದರು. ಆಮೇಲೆ ಎಲ್ಲವೂ ಓಟ. ತೋಳಿಗೆ ಸೂಜಿ, ಮೂಗಿಗೆ ಆಮ್ಲಜನಕ, ಕಿರುಗುಟ್ಟುವ ಗಾಲಿಮಂಚ. ಸೋಂಕು ಚರ್ಮದಡಿಯ ಕೊಬ್ಬಿನ ಪದರದಲ್ಲಿ ಹರಡುತ್ತಿದೆ, ಕೊಯ್ದು ತೆಗೆಯಬೇಕು, ಕಾಲು ಉಳಿಯುವ ಭರವಸೆ ಕೊಡಲಾರೆ ಅಂದರು ಸರ್ಜನ್.

ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಲ್ಲಿ ಅಣ್ಣ ತಂಗಿಯ ಕೈ ಹಿಡಿದ. "ನಿನ್ನ ಕೆಲಸಕ್ಕೆ ಕೊಬ್ಬು ಬೇಕು ಅಂತಿದ್ದೆಯಲ್ಲ, ತಗೋ. ನನ್ನ ಹತ್ರ ಅದಕ್ಕೇನು ಬರ?" ಅಂದ. ಅವಳಿಗೆ ನಗು ಬರಲಿಲ್ಲ. ಅವನಿಗೂ.

ಬಾಗಿಲು ಮುಚ್ಚಿತು. ಅತ್ತಿಗೆಯೂ ಅವಳೂ ಬೆಂಚಿನ ಮೇಲೆ ಕೂತರು. ಒಳಗಿನಿಂದ ಯಾರು ಬಂದರೂ ಇಬ್ಬರ ಜೀವವೂ ಬಾಯಿಗೆ ಬರುತ್ತಿತ್ತು. ಕೊನೆಗೆ ಸರ್ಜನ್ ಬಂದು ಮುಖಗವಸು ಇಳಿಸಿದರು. ಕಾಲು ಉಳಿದಿತ್ತು. ಮೀನಖಂಡದ ಅರ್ಧ ಹೋಗಿತ್ತು. ಅತ್ತಿಗೆ ಅಲ್ಲೇ ಕುಸಿದು ಅತ್ತಳು.

ಜ್ವರ ಇಳಿದ ಮೇಲೆ, ತೆಗೆದ ಕೊಬ್ಬಿನ ಚೂರಿನ ಸೂಕ್ಷ್ಮದರ್ಶಕದ ಚಿತ್ರವನ್ನು ಅಣ್ಣನೇ ಕೇಳಿ ನೋಡಿದ. ತಂಗಿ ಫೋನು ಹಿಡಿದಳು. ಸೋಂಕು ತಲುಪದ ಅಂಚಿನ ಚೂರದು. ದೊಡ್ಡ ಬಿಳಿ ಗುಳ್ಳೆಗಳು. ಒಂದೊಂದರ ಸುತ್ತ ನೇರಳೆ ಚುಕ್ಕೆಗಳ ಬಳೆ.

"ಈ ಚುಕ್ಕೆಗಳು ನನ್ನ ಪರವೋ ವಿರುದ್ಧವೋ?"

"ನಿನ್ನ ಪರವೇ ಅಣ್ಣ. ಅವೇ ಆ ಕಾವಲು ಕೋಶಗಳು. ಗಾಬರಿಬಿದ್ದು ಮನೇನೇ ಕೆಡಿಸ್ತಿವೆ. ತೂಕ ಇಳಿದ್ರೆ ಕೂಗಾಟ ತಗ್ಗುತ್ತೆ. ಆದ್ರೆ ಒಂದೇ ಸಲಕ್ಕೆ ತಗ್ಗಲ್ಲ. ಕೆಲವು ಹಟ ಹಿಡಿದು ಅಲ್ಲೇ ಕೂತಿರ್ತವೆ."

ಅವನು ಕಟ್ಟು ಹಾಕಿದ ಕಾಲಿನ ಕಡೆ ನೋಡಿದ. "ಕ್ರೇನ್ ಏಣಿ ಹತ್ತೋಕಾಗುತ್ತಾ?"

"ಗೊತ್ತಿಲ್ಲ."

"ಸುಳ್ಳು ಹೇಳಲಿಲ್ಲವಲ್ಲ, ಸಾಕು," ಅಂದ. "ಏನ್ ಮಾಡ್ಬೇಕು ಹೇಳು. ಬೈಬೇಡ, ಅಷ್ಟೇ."

ಅಷ್ಟರಲ್ಲಿ ಗಾಯ ತೊಳೆಯಲು ನರ್ಸ್ ತಟ್ಟೆ ಹಿಡಿದು ಬಂದಳು. ಅಣ್ಣ ಕಣ್ಣು ಮುಚ್ಚಿಕೊಂಡ. ತಂಗಿ ಫೋನು ಪಕ್ಕಕ್ಕಿಟ್ಟು, ಅವನು ಹಿಸುಕಲಿ ಅಂತ ತನ್ನ ಕೈ ಕೊಟ್ಟಳು.