ಬೀರಿಯ ಪಾಲು

೨೦೦೮ರ ಏಪ್ರಿಲಿನಲ್ಲಿ, ಅಂಕೋಲೆಯ ಹೊಸ ಅಂಗಡಿಗೆ ಪೂಜೆಯಾದ ದಿನ, ಊಟ ಮುಗಿದ ಮೇಲೆ ರಾಮನಾಥ ಕೆಲಸದವರನ್ನೆಲ್ಲ ಮಹಡಿಯ ಹಾಲಿಗೆ ಕರೆದ. ಕಂಪನಿಯ ವಹಿವಾಟು ಆ ವರ್ಷ ಮೊದಲ ಬಾರಿ ಕೋಟಿ ದಾಟಿತ್ತು. ಕಾರವಾರದ ಬೇಕರಿ, ಅದರ ಪಕ್ಕದ ಮೀನೂಟದ ಹೋಟೆಲು ಎರಡೂ ಲಾಭದಲ್ಲಿದ್ದವು. ಹೆದ್ದಾರಿ ಬದಿಯ ಈ ಶಾಖೆಗೆ ಬ್ಯಾಂಕು ತಕರಾರಿಲ್ಲದೆ ಸಾಲ ಕೊಟ್ಟಿತ್ತು. ಇದನ್ನೆಲ್ಲ ವಿವರಿಸಿ ರಾಮನಾಥ, "ಮುಂದಿನ ವರ್ಷ ಕುಮಟಾ" ಎಂದ. ಚಪ್ಪಾಳೆ ಬಿತ್ತು. ಅವನ ಹೆಂಡತಿ ಸುನೀತಾ ಒಬ್ಬೊಬ್ಬರಿಗೂ ಒಂದು ಸ್ಟೀಲಿನ ಡಬ್ಬಿ ಹಂಚಿದಳು. ಒಳಗೆ ಲಾಡು.

ಕಾರವಾರದ ಬೇಕರಿಯ ಭಟ್ಟಿ ನೋಡಿಕೊಳ್ಳುವ ಬೀರಿಗೂ ಒಂದು ಡಬ್ಬಿ ಬಂತು. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು, ಕೂತಲ್ಲಿಂದಲೇ ಕೇಳಿದಳು.

"ಸುನೀತಾ, ಈ ಕಂಪನೀಲಿ ನನ್ನ ಪಾಲು ಎಷ್ಟು?"

ಯಾರೋ ನಕ್ಕರು. ಬೀರಿ ನಗಲಿಲ್ಲ. ಸುನೀತಾಳ ಬದಲು ರಾಮನಾಥನೇ ಉತ್ತರ ಕೊಟ್ಟ: "ಪಗಾರ ಹೆಚ್ಚು ಮಾಡೂದರ ಬಗ್ಗೆ ಆಮೇಲೆ ಮಾತಾಡ್ವ, ಬೀರಿ."

"ಪಗಾರ ಕೇಳಲಿಲ್ಲ ನಾನು," ಎಂದಳು ಬೀರಿ. ಡಬ್ಬಿಯನ್ನು ಕುರ್ಚಿಯ ಮೇಲೆ ಬಿಟ್ಟು ಮೆಟ್ಟಿಲಿಳಿದು ಹೋದಳು. ಮರುದಿನ ಭಟ್ಟಿಗೆ ಬರಲಿಲ್ಲ. ಆಮೇಲೂ ಬರಲಿಲ್ಲ.

ಸುನೀತಾ, ಬೀರಿ ಇಬ್ಬರೂ ಅಮದಳ್ಳಿಯವರು, ಅಕ್ಕಪಕ್ಕದ ಮನೆಯವರು. ನೌಕಾನೆಲೆಗೆ ಭೂಮಿ ಹೋದಾಗ ಸುನೀತಾಳ ತವರಿಗೆ ಪರಿಹಾರ ಬಂತು, ಅದರಲ್ಲಿ ಅವಳಿಗೂ ಒಂದು ಭಾಗ. ಬೀರಿಯ ಮನೆಯವರು ಬೇರೆಯವರ ಗದ್ದೆ ಮಾಡಿಕೊಂಡಿದ್ದವರು. ಅವರಿಗೆ ಏನೂ ಸಿಗಲಿಲ್ಲ. ಆದರೆ ಬೀರಿ ಮದುವೆಗೆ ಮುಂಚೆ ಕಾರವಾರದ ಬೇಕರಿಯೊಂದರಲ್ಲಿ ಹಿಟ್ಟು ನಾದಿ ಪಾವು ಬ್ರೆಡ್ಡು ಸುಡುವುದನ್ನು ಕಲಿತಿದ್ದಳು. ಗಂಡ ಸಮುದ್ರಕ್ಕೆ ಹೋದವನು ಮರಳದೇ ಇದ್ದಾಗ ಅವಳ ಕೈಯಲ್ಲಿ ಉಳಿದದ್ದು ಆ ವಿದ್ಯೆ ಮತ್ತು ಒಂದು ಜೊತೆ ಚಿನ್ನದ ಬಳೆ. ಇಬ್ಬರೂ ಸೇರಿ ಬೇಕರಿ ತೆರೆದರು. ಸುನೀತಾ ಹಣ ಹಾಕಿದಳು. ಬೀರಿ ಬಳೆ ಮಾರಿ ಭಟ್ಟಿ ಕಟ್ಟಿಸಿದಳು. ಮೊದಲೆರಡು ವರ್ಷ ಇಬ್ಬರೂ ಒಂದು ಪೈಸೆ ಪಗಾರ ತೆಗೆದುಕೊಳ್ಳಲಿಲ್ಲ. "ಇದು ನಮ್ಮಿಬ್ಬರದು" ಎಂದು ಸುನೀತಾ ಎಷ್ಟೋ ಸಲ ಹೇಳಿದ್ದಳು. ಆಗ ಅದು ಮನಸ್ಸಿನಿಂದಲೇ ಬಂದ ಮಾತು.

ಆಮೇಲೆ ರಾಮನಾಥ ಕಚೇರಿಯ ನೌಕರಿ ಬಿಟ್ಟು ವ್ಯಾಪಾರಕ್ಕೆ ಬಂದ. ಹೋಟೆಲು ಅವನದೇ ಯೋಚನೆ, ಅದು ಚೆನ್ನಾಗಿಯೇ ನಡೆಯಿತು. ಕಂಪನಿ ನೋಂದಣಿಯಾದಾಗ ಗಂಡ, ಹೆಂಡತಿ ಇಬ್ಬರ ಹೆಸರು ಬಿತ್ತು. ಬೀರಿಯ ಹೆಸರೂ ಹಾಕೋಣ ಎಂದು ಹೇಳಬೇಕೆಂದು ಸುನೀತಾ ಅಂದುಕೊಂಡಿದ್ದಳು. ಸಹಿ ಮಾಡುವಾಗ ಹೇಳಲಿಲ್ಲ. ಬೀರಿಯೂ ಕೇಳಲಿಲ್ಲ, ತನ್ನ ಹೆಸರು ಇದ್ದೇ ಇದೆ ಎಂದು ತಿಳಿದಿದ್ದಳು.

ಬೀರಿ ಹೋದ ಮೇಲೆ ಬೇಕರಿ ಬಿದ್ದುಹೋಗುತ್ತದೆ ಎಂದು ಸುನೀತಾ ಹೆದರಿದ್ದಳು. ಹಾಗೇನೂ ಆಗಲಿಲ್ಲ. ಹುಬ್ಬಳ್ಳಿಯಿಂದ ಬಂದ ಹೊಸ ಬೇಕರ್ ಮೊದಲಿನ ಹಾಗೆಯೇ ಪಾವು ತೆಗೆದ. ಗಿರಾಕಿಗಳು ಕಮ್ಮಿಯಾಗಲಿಲ್ಲ. ಅಂಕೋಲೆಯ ಶಾಖೆ ಆರು ತಿಂಗಳಲ್ಲೇ ಖರ್ಚು ದಾಟಿ ಲಾಭಕ್ಕೆ ಬಂತು. "ನೋಡಿದ್ಯಾ," ಎಂದ ರಾಮನಾಥ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, "ಯಾರು ಹೋದ್ರೂ ಕೆಲಸ ನಿಲ್ಲೂದಿಲ್ಲ."

ಸುನೀತಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಮರಳಿ ಇಟ್ಟಳು. ಬೀರಿ ಇಲ್ಲದೆ ನಡೆಯುವುದಿಲ್ಲ ಎಂದಾಗಿದ್ದರೆ ಕರೆತರಲು ಒಂದು ನೆಪ ಇರುತ್ತಿತ್ತು. ಈಗ ಉಳಿದದ್ದು, ಕೊಡಬೇಕಾದದ್ದನ್ನು ಕೊಟ್ಟಿಲ್ಲ ಎಂಬುದೊಂದೇ.

"ನನ್ನ ಹೆಸರಲ್ಲಿ ಇದ್ದ ಷೇರಲ್ಲಿ ಅರ್ಧ ಬೀರಿಗೆ ಕೊಡ್ತೆ," ಎಂದಳು.

ರಾಮನಾಥ ಕೈ ತೊಳೆಯದೆ ಕೂತ. "ತಲೆ ಸರಿ ಇತ್ತಾ ನಿಂಗೆ? ಬ್ಯಾಂಕಿನವರಿಗೆ ಎಂತಾ ಹೇಳೂದು? ಕುಮಟಾದ ಸಾಲದ ಮಾತು ನಡೀತಾ ಇತ್ತು."

"ಇದ್ದದ್ದು ಇದ್ದ ಹಾಗೆ ಹೇಳು."

ಅವರಿಬ್ಬರೂ ಬಹಳ ದಿನ ಬೇಕಾದಷ್ಟೇ ಮಾತಾಡಿದರು. ಆದರೆ ಸುನೀತಾ ಹಿಂದೆ ಸರಿಯಲಿಲ್ಲ. ಕಾಗದ ಸಿದ್ಧಪಡಿಸಲು ಆಡಿಟರಿಗೆ ಹೇಳಿ ಒಬ್ಬಳೇ ಭಾವಿಕೇರಿಯ ಬಸ್ಸು ಹತ್ತಿದಳು.

ಬೀರಿ ಅಲ್ಲಿ ಅಕ್ಕನ ಮನೆಯ ಜಗಲಿಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದಳು. ಗಾಜಿನ ಕಪಾಟಿನಲ್ಲಿ ಬನ್ನು, ಖಾರಿ ಬಿಸ್ಕೀಟು. ಸುನೀತಾಳನ್ನು ಕಂಡು ಎದ್ದು ನಿಂತಳು. "ಬನ್ನಿ, ಕೂತ್ಕೊಳ್ಳಿ," ಎಂದಳು. ಹುಟ್ಟಿದಾಗಿನಿಂದ ಏಕವಚನದಲ್ಲಿ ಕರೆದವಳ ಬಾಯಲ್ಲಿ ಆ ಬಹುವಚನ ಕೇಳಿ ಸುನೀತಾ ಕೂರಲಾರದೆ ನಿಂತೇ ಇದ್ದಳು. ಬಂದ ವಿಷಯವನ್ನು ನಿಂತಲ್ಲೇ ಹೇಳಿದಳು.

ಬೀರಿ ಪೂರ್ತಿ ಕೇಳಿದಳು. "ದಾನವಾ?"

"ಅಲ್ಲ. ನಿಂದೇ ಅದು. ಮೊದಲೇ ಕೊಡ್ಬೇಕಿತ್ತು."

"ಹಾಗಾದ್ರೆ ತಕೊಳ್ತೆ," ಎಂದಳು ಬೀರಿ. "ಬ್ಯಾಡ ಅಂದ್ರೆ ನೀನು ಸಮಾಧಾನ ಮಾಡ್ಕೊಂಡು ಹೋಗ್ತೀ. ಹಾಗೆ ಬಿಡೂದಿಲ್ಲ. ಆದ್ರೆ ಭಟ್ಟಿಗೆ ಬರೂದಿಲ್ಲ ನಾನು. ಈ ಅಂಗಡಿ ನಂದು, ಇಲ್ಲೇ ಇರ್ತೆ."

"ಮೊದಲಿನ ಹಾಗೆ ಆಗೂದಿಲ್ವಾ, ಬೀರಿ?"

ಬೀರಿ ಕಪಾಟಿನ ಗಾಜು ಒರೆಸಿದಳು. ಒಳಗೆ ಹೋಗಿ ಚಹಾ ತಂದು ಕೊಟ್ಟಳು.

ಮುಂದಿನ ವರ್ಷದ ವಾರ್ಷಿಕ ಸಭೆ ಕಾರವಾರದ ಹೋಟೆಲಿನ ಒಳಕೋಣೆಯಲ್ಲಿ ನಡೆಯಿತು. ಈಗ ಪಾಲುದಾರಳಾಗಿದ್ದ ಬೀರಿ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದಳು. ರಾಮನಾಥ ಎದ್ದು ಕುರ್ಚಿ ಸರಿಸಿ ಕೊಟ್ಟ. ಅದು ಅವನಿಗೆ ಸುಲಭವಿರಲಿಲ್ಲ. ಆಡಿಟರ್ ಲಾಭದ ವಿವರ ಓದಿ, ಕುಮಟಾ ಶಾಖೆಯ ವಿಷಯ ಮುಂದಿಟ್ಟರು. ರಾಮನಾಥ ಬೇಕೆಂದ. ಸುನೀತಾ ಬೀರಿಯತ್ತ ನೋಡಿದಳು.

"ಕುಮಟಾ ಮಾಡುವ," ಎಂದಳು ಬೀರಿ. "ಒಂದು ವರ್ಷ ಬಿಟ್ಟು. ಈಗ ಭಟ್ಟಿ ಹತ್ರ, ಅಡುಗೆಮನೇಲಿ ನಿಲ್ಲೋರಿಗೆ ಪಿಎಫ್ ಇಲ್ಲ, ಆಸ್ಪತ್ರೆ ಖರ್ಚಿಗೆ ಏನೂ ಇಲ್ಲ. ಮೊದಲು ಅದಾಗ್ಲಿ."

"ಹಾಗೇ ಆಗ್ಲಿ," ಎಂದಳು ಸುನೀತಾ. ಕೊನೆಗೆ ರಾಮನಾಥನೂ ಹಾಗೇ ಬರೆದುಕೊಳ್ಳಲು ಆಡಿಟರಿಗೆ ಹೇಳಿದ.

ಸಭೆ ಮುಗಿದಾಗ ಹೊರಗೆ ಊಟದ ಹೊತ್ತು. ಕರಿದ ಬಂಗಡೆಯ ವಾಸನೆ ಒಳಗೂ ಬಂದಿತ್ತು. "ಊಟ ಮಾಡ್ಕೊಂಡು ಹೋಗು," ಎಂದಳು ಸುನೀತಾ.

"ಅಂಗಡಿ ಅಕ್ಕನ ಮೇಲೆ ಬಿಟ್ಟು ಬಂದಿದ್ದೆ. ಇನ್ನೊಂದ್ ಸಲ," ಎಂದು ಬೀರಿ ಚೀಲ ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಸುನೀತಾ ಬಾಗಿಲವರೆಗೆ ಹೋದಳು. ಅಲ್ಲಿಂದ ಮುಂದೆ ಜೊತೆಗೆ ಹೋಗಲು ಅವಳಿಗೆ ಧೈರ್ಯ ಬರಲಿಲ್ಲ.