ಉಪ್ಪು ನೋಡುವ ನಾಲಿಗೆ

ಭಾಲ್ಕಿಯ ಅಬ್ದುಲ ಅಜೀಜ ಮದುವೆ ಮನೆಗಳ ಬಾವರ್ಚಿ. ಇಪ್ಪತ್ತೆರಡು ವರ್ಷದಿಂದ ಬಿರಿಯಾನಿ ಮಾಡುತ್ತ ಬಂದವನು. ದಿನವಿಡೀ ಒಲೆಯ ಮುಂದೆ ನಿಂತು ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಔಷಧಿ ಅಂಗಡಿಯಿಂದ ನೋವಿನ ಗುಳಿಗೆ ತಂದು ವರ್ಷಗಟ್ಟಲೆ ನುಂಗಿದ. ಹೋದ ರಮಜಾನ್ ಮುಗಿದ ಮೇಲೆ ಪಾದ ಬಾತು ಚಪ್ಪಲಿ ಹಿಡಿಯದಾದಾಗ ಹೆಂಡತಿ ಮಹಮೂದಾ ಬೇಗಂ ಅವನನ್ನು ಬೀದರಿನ ಆಸ್ಪತ್ರೆಗೆ ಕರೆದೊಯ್ದಳು.

ವರ್ಷಗಟ್ಟಲೆ ನುಂಗಿದ ಗುಳಿಗೆಯಿಂದ ಮೂತ್ರಪಿಂಡಗಳು ಕೆಟ್ಟಿವೆ, ಮೂರರಲ್ಲಿ ಒಂದು ಪಾಲಷ್ಟೇ ಕೆಲಸ ಮಾಡುತ್ತಿವೆ, ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಕಾಯ್ದುಕೊಳ್ಳಬಹುದು ಎಂದರು ಡಾಕ್ಟರು. ಹೊರಗೆ ನರ್ಸ್ ಹನ್ನಾ ಅಜೀಜನನ್ನು ಬೆಂಚಿನ ಮೇಲೆ ಕೂರಿಸಿದರು.

"ಔಷಧ ನಾವು ಕೊಡ್ತೇವ್ರಿ, ಅಜೀಜಭಾಯ್. ಆದ್ರ ದಿನಾ ನಿಮ್ಮ ತಾಟಿನ ಮುಂದ ಕೂಡಾವರು ನೀವು. ಅಲ್ಲಿ ನೀವೇ ಡಾಕ್ಟರ್ ಆಗಬೇಕು."

ಅವನು ಆದ. ನೋವಿನ ಗುಳಿಗೆ ಬಿಟ್ಟು ಮೊಣಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೊಂಡ. ಒಲೆಯ ಬಳಿ ಸ್ಟೂಲ್ ಹಾಕಿಕೊಂಡ. ಉಪ್ಪಿನಕಾಯಿ, ಹಪ್ಪಳ ಬಿಟ್ಟ. ಅವನ ಪಾಲಿನ ಉಪ್ಪನ್ನು ಮಹಮೂದಾ ದಿನಾ ಬೆಳಿಗ್ಗೆಯೇ ಚಮಚದಲ್ಲಿ ಅಳೆದು ಬೇರೆ ಇಡುತ್ತಿದ್ದಳು. ಬಿ.ಪಿ. ಯಂತ್ರ ಕೊಂಡು ಎದ್ದ ಕೂಡಲೇ ನೋಡಿ ಬರೆದಿಟ್ಟ. ನಾಲ್ಕು ತಿಂಗಳಲ್ಲಿ ಬಾವು ಇಳಿಯಿತು, ರಕ್ತದ ರಿಪೋರ್ಟ್ ಇದ್ದಲ್ಲೇ ನಿಂತಿತು.

ಆದರೆ ಹಲಬರ್ಗಾದ ಮದುವೆಯಲ್ಲಿ ಪೆಟ್ಟು ಬಿತ್ತು. ಅಕ್ಕಿ ಹಾಕುವ ಮುನ್ನ ಮಸಾಲೆಯ ಉಪ್ಪು ನೋಡಿದ, ಸರಿಯಾಗಿದೆ ಅನ್ನಿಸಿತು. ಊಟಕ್ಕೆ ಕೂತವರು ಒಬ್ಬರ ಹಿಂದೊಬ್ಬರು ಉಪ್ಪು ಕೇಳಿದರು. ಸಪ್ಪೆ ಊಟಕ್ಕೆ ಒಗ್ಗಿದ ನಾಲಿಗೆಗೆ ಚಿಟಿಕೆ ಉಪ್ಪೂ ಹೆಚ್ಚೆನಿಸುತ್ತಿತ್ತು. ಹುಡುಗಿಯ ತಂದೆ ತಾವೇ ಉಪ್ಪಿನ ಬಟ್ಟಲು ಹಿಡಿದು ಪಂಕ್ತಿಯಲ್ಲಿ ಓಡಾಡಿದರು. ಅಜೀಜನಿಗೆ ಅದೇ ಹೆಚ್ಚು ಚುಚ್ಚಿತು.

ಮರುದಿನ ಅವನು ಉಪ್ಪಿನಕಾಯಿ ಭರಣಿಯನ್ನು ಕೆಳಗಿಳಿಸಿದ. ಹಳೆಯ ನಾಲಿಗೆ ಬೇಕು, ಇಲ್ಲವೇ ಕಸುಬು ಬಿಡಬೇಕು ಎಂದ. ಮಹಮೂದಾ ಭರಣಿಯನ್ನು ಅವನ ಕೈಯಿಂದ ತೆಗೆದುಕೊಂಡಳು.

"ನಿಮ್ಮ ನಾಲಿಗಿ ಹಿಂಗೇ ಇರಲಿ. ಉಪ್ಪು ನೋಡಾಕ ನಾ ಬರ್ತೇನಿ."

ಬಾವರ್ಚಿಗಳ ನಡುವೆ ಹೆಂಗಸು ನಿಂತದ್ದನ್ನು ಆ ಕಡೆ ಯಾರೂ ನೋಡಿರಲಿಲ್ಲ. ಜನ ನಗುತ್ತಾರೆ ಎಂದು ಅವನು ಎರಡು ದಿನ ಒಪ್ಪಲಿಲ್ಲ. ಮೂರನೇ ದಿನ ಔರಾದಿನ ನಿಜಾಮೋದ್ದೀನರ ಮಗಳ ಮದುವೆಗೆ ಪಾತ್ರೆಗಳ ಟೆಂಪೋದಲ್ಲಿ ಅವಳೂ ಹತ್ತಿ ಕೂತಳು.

ಅಲ್ಲಿ ಮಸಾಲೆ ಕುದಿಯುವಾಗ ಅವಳು ಚಮಚ ಬಾಯಿಗಿಟ್ಟು, ಇನ್ನೆರಡು ಹಿಡಿ ಉಪ್ಪು, ಸ್ವಲ್ಪ ಪುದೀನಾ ಎಂದಳು. ಅವನಿಗೆ ಆಗಲೇ ಉಪ್ಪು ಸಾಕೆನಿಸಿತ್ತು. ಕೈ ಒಂದು ಗಳಿಗೆ ತಡೆಯಿತು. ಕಡೆಗೆ ಹಾಕಿದ.

ಜನ ಎರಡೆರಡು ಸಲ ಬಡಿಸಿಕೊಂಡು ಉಂಡರು. ನಿಜಾಮೋದ್ದೀನ ಒಲೆಯ ಬಳಿ ಬಂದು, ಇವತ್ತಿನ ರುಚಿಯೇ ಬೇರೆ, ಏನು ಮಾಡಿದಿರಿ ಎಂದು ಕೇಳಿದರು. ಉಪ್ಪು ನೋಡಿದವಳು ಇವಳು ಎಂದು ಅಜೀಜ ಆಳುಗಳೆಲ್ಲ ಕೇಳುವಂತೆ ಹೇಳಿ ಹೆಂಡತಿಯ ಕಡೆ ಕೈ ತೋರಿಸಿದ. ಆಮೇಲೆ ಮನೆಯಿಂದ ತಂದ ಡಬ್ಬಿ ಬಿಚ್ಚಿ, ಸೋರೆಕಾಯಿ ಪಲ್ಯದ ಜೊತೆ ರೊಟ್ಟಿ ತಿಂದ. ಅದೂ ರುಚಿಯಾಗಿಯೇ ಇತ್ತು.

ಮುಂದಿನ ತಪಾಸಣೆಯಲ್ಲೂ ರಿಪೋರ್ಟಿನ ಅಂಕಿ ಏರಿರಲಿಲ್ಲ. ಭಾಲ್ಕಿಯ ಬಸ್ಸಿನಲ್ಲಿ ಮರಳುವಾಗ ಗಂಡಹೆಂಡತಿ ಭಾತಂಬ್ರಾದ ಮದುವೆಗೆ ಎಷ್ಟು ಅಕ್ಕಿ ಬೇಕೆಂದು ಮಾತಾಡುತ್ತಾ ಬಂದರು. ಉದ್ದ ಹಿಡಿಕೆಯ ಸೌಟೊಂದು ತನಗೂ ಬೇಕು ಎಂದಳು ಮಹಮೂದಾ. ಇಳಿದ ಕೂಡಲೇ ಪಾತ್ರೆ ಅಂಗಡಿಗೆ ಹೋಗೋಣ ಎಂದ ಅಜೀಜ.