ಹೂ ಹಿಡಿದುಕೊಳ್ಳುವ ದೇವರು

೧೯೯೮ರ ಮೇ ತಿಂಗಳಲ್ಲಿ ಮುನಿರಾಜುವಿನ ಟೂರಿಸ್ಟ್ ಬಸ್ಸು ಗೋವಾದಿಂದ ಚಾಮರಾಜಪೇಟೆಗೆ ಮರಳಿದಾಗ ಇಪ್ಪತ್ತೆಂಟು ಜನರ ಅಂಗಾಲೂ ಕಪ್ಪಗಿತ್ತು. ಕಡಲತೀರದ ತುಂಬ ಡಾಂಬರಿನಂಥ ಉಂಡೆಗಳು ಬಿದ್ದಿದ್ದವು. ಸಮುದ್ರದೊಳಗೆ ಎಣ್ಣೆ ತೆಗೆಯುವವರದೋ, ಹಡಗಿನವರದೋ, ಹೋಟೆಲಿನ ಮ್ಯಾನೇಜರಿಗೂ ಗೊತ್ತಿರಲಿಲ್ಲ. ಮುನಿರಾಜು ಕೂಗಾಡಿದ ಮೇಲೆ ಆತ ಕಾಲು ತೊಳೆಯಲು ಸೀಮೆಎಣ್ಣೆ ಕೊಟ್ಟಿದ್ದ; ತಿಕ್ಕಿದರೂ ಕಲೆ ಪೂರ್ತಿ ಹೋಗಿರಲಿಲ್ಲ.

"ಸಮುದ್ರಸ್ನಾನ ಆದ್ಮೇಲೆ ಸೀಮೆಣ್ಣೆ ಸ್ನಾನ. ಇಂಥ ಪುಣ್ಯ ಯಾರಿಗುಂಟು?" ಎಂದು ಆ ಬಸ್ಸಿನಲ್ಲಿ ಹೋಗಿದ್ದ ಕಮಲಮ್ಮ ಬೀದಿಯಿಡೀ ಹೇಳಿಕೊಂಡು ಬಂದರು.

ಹದಿನೈದು ದಿನ ಬಿಟ್ಟು ಹೊರಡಬೇಕಿದ್ದ ಎರಡನೇ ಬಸ್ಸಿಗೆ ಒಬ್ಬರೂ ಹೆಸರು ಬರೆಸಲಿಲ್ಲ. ಅದು ಹೊರಡದಿದ್ದರೆ ಟ್ರಾವೆಲ್ಸ್ ಮುಚ್ಚಿ ಮಾವನ ತರಕಾರಿ ಮಂಡಿಯಲ್ಲಿ ಕೂರಬೇಕು. ಮಾವ ಆಗಲೇ ಅವನಿಗೊಂದು ಸ್ಟೂಲು ಹಾಕಿಸಿದ್ದರು.

ಐದನೇ ದಿನ ಶಂಕರಪುರಂನ ಮುತ್ಯಾಲಮ್ಮ ಹೇಳಿಕಳಿಸಿದರು. ಅವರೂ ಆ ಬಸ್ಸಿನಲ್ಲಿ ಹೋಗಿದ್ದವರೇ. ಗುಂಡಗಿದ್ದ ಒಂದು ಕರಿ ಉಂಡೆಯನ್ನು ಲಿಂಗವೆಂದು ಸೆರಗಿನಲ್ಲಿ ಕಟ್ಟಿಕೊಂಡು ಬಂದು ದೇವರ ಗೂಡಿನಲ್ಲಿಟ್ಟಿದ್ದರು. ದೀಪದ ಶಾಖಕ್ಕೆ ಅದು ಮೆತ್ತಗಾಗಿ, ಮುಡಿಸಿದ ಹೂವುಗಳೆಲ್ಲ ಅಂಟಿಕೊಂಡಿದ್ದವು.

"ಹೂ ಕೊಡೋ ದೇವ್ರನ್ನ ಬೇಕಾದಷ್ಟು ನೋಡಿವ್ನಿ ಕಣಪ್ಪ. ಇದು ಹೂ ಹಿಡ್ಕಳೋ ದೇವ್ರು. ಏನಿದು, ನೀನೇ ಹೇಳು."

ಮುನಿರಾಜು ಬಾಯಿ ತೆರೆದ. ಡಾಂಬರು ಎಂದರೆ ಬಸ್ಸು ನಿಲ್ಲುತ್ತದೆ. ದೇವರು ಎನ್ನಲು ನಾಲಿಗೆ ಏಳುವುದಿಲ್ಲ.

"ಅದು... ಸಮುದ್ರದ್ದು, ಅಮ್ಮಾ," ಎಂದ. ಸುಳ್ಳೇನಲ್ಲ.

ಸಮುದ್ರದ ದೇವರ ಸುದ್ದಿ ಹಬ್ಬಿ, ಎರಡು ದಿನದಲ್ಲಿ ಇಪ್ಪತ್ತೆಂಟು ಸೀಟೂ ಭರ್ತಿಯಾದವು. ಮೊದಲ ಹೆಸರು ಕಮಲಮ್ಮನವರದು. "ಕಾಲಿಗೇ ಅಂಟ್ಕೊಂಡು ಬಂದಿದ್ದ ದೇವ್ರನ್ನ ಸೀಮೆಣ್ಣೆ ಹಾಕಿ ತಿಕ್ಕಿಬಿಟ್ಟೆ, ಪಾಪಿ!"

ಹೊರಡುವ ದಿನ ಬೆಳಿಗ್ಗೆ ಹೆಂಗಸರು ಹತ್ತಿ ಹಾಸಿದ ಸ್ಟೀಲ್ ಡಬ್ಬಿ ಹಿಡಿದು ಬಸ್ಸು ಹತ್ತುತ್ತಿದ್ದಾಗ ಆಫೀಸಿನ ಫೋನು ಬಡಿದುಕೊಂಡಿತು. ಗೋವಾದ ಹೋಟೆಲಿನಲ್ಲಿದ್ದ ಕಾರವಾರದ ಆ ಮ್ಯಾನೇಜರು.

"ಒಳ್ಳೇ ಸುದ್ದಿ ಮುನಿರಾಜು ಅವ್ರೇ! ಬೀಚೆಲ್ಲ ಗುಡಿಸಿ ತೆಗ್ದಿದಾರೆ. ಹುಡುಕಿದ್ರೂ ಒಂದು ಉಂಡೆ ಸಿಗೋದಿಲ್ಲ. ಧೈರ್ಯವಾಗಿ ಕರ್ಕೊಂಡು ಬನ್ನಿ."

ಮುನಿರಾಜು ಕಿಟಕಿಯಾಚೆ ಡಬ್ಬಿಗಳನ್ನು ನೋಡಿದ.

"ಪೂರ್ತಿ ತೆಗ್ದುಬಿಟ್ರಾ ಸಾರ್? ಎಲ್ಲಾದ್ರೂ ಮೂಲೇಲಿ... ಒಂದು ಇಪ್ಪತ್ತೆಂಟು?"

ಮ್ಯಾನೇಜರು ದನಿ ಏರಿಸಿದ.

"ಹೋದ ಸಲ ಅವು ಇದ್ದಾವೆ ಅಂತ ನನ್ನ ಬೈದ್ರಿ. ಈಗ ಇಲ್ಲ ಅಂತಾನಾ? ನಿಮಗೆ ಏನು ಬೇಕು, ಅದನ್ನಾದ್ರೂ ಹೇಳಿ."

ಡ್ರೈವರು ಹಾರನ್ ಹೊಡೆದ. ಮುನಿರಾಜು ರಿಸೀವರನ್ನು ಕಿವಿಯಿಂದ ತೆಗೆಯದೆ, ಇನ್ನೈದು ನಿಮಿಷ ಎಂದು ಕಿಟಕಿಯಿಂದ ಅವನಿಗೆ ಕೈಬೆರಳು ತೋರಿಸಿದ.